ದಮಯಂತಿ ಕಂಡ ಗುರುತುಗಳು: ರಾಜಕುಮಾರಿಯರ ಅನಿಮೇಷನ್ ಚಿತ್ರಗಳಲ್ಲಿ ಮಾಯೆ, ಪುರಾಣ ಮತ್ತು ನಂಬಿಕೆ

ರಾಜಕುಮಾರಿಯೇ ಕಥೆಯ ಕೇಂದ್ರದಲ್ಲಿರುವ ಪೂರ್ಣಾವಧಿ ಅನಿಮೇಷನ್ ಚಿತ್ರಗಳಿಗೆ ಸುಮಾರು ಒಂಬತ್ತು ದಶಕಗಳ ಇತಿಹಾಸವಿದೆ. 1937ರ 'ಸ್ನೋ ವೈಟ್ ಅಂಡ್ ದಿ ಸೆವೆನ್ ಡ್ವಾರ್ಫ್ಸ್'ನಿಂದ 2013ರ 'ಫ್ರೋಜನ್', 2016ರ 'ಮೋನಾ'ದವರೆಗೆ ಈ ಚಿತ್ರಗಳಲ್ಲಿ ಕನ್ನಡಿ ಮಾತನಾಡಿದೆ, ಕುಂಬಳಕಾಯಿ ರಥವಾಗಿದೆ, ಕಡಲು ದಾರಿ ಬಿಟ್ಟಿದೆ. ಇವೆಲ್ಲ ಕೈಯಿಂದಲೋ ಕಂಪ್ಯೂಟರಿನಿಂದಲೋ ಮೂಡಿದ ಚಿತ್ರಗಳೆಂದು ಪ್ರೇಕ್ಷಕನಿಗೆ ಗೊತ್ತು. ಆದರೂ ಕೆಲವು ಚಿತ್ರಗಳಲ್ಲಿ ಆತ ಕಣ್ಣೀರು ಸುರಿಸುತ್ತಾನೆ; ಇನ್ನು ಕೆಲವು ಚಿತ್ರಗಳು ಅದಕ್ಕಿಂತ ಹೆಚ್ಚಿನ ವೆಚ್ಚ ಮತ್ತು ತಂತ್ರಜ್ಞಾನದಿಂದ ತಯಾರಾಗಿದ್ದರೂ ಅವನನ್ನು ಮುಟ್ಟುವುದಿಲ್ಲ. ನಂಬಿಕೆ ಹುಟ್ಟುವುದು ಯಾವುದರಿಂದ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳು ಬಡಗುತಿಟ್ಟಿನ ಯಕ್ಷಗಾನ ಹಾಗೂ ತಾಳಮದ್ದಳೆಯ ನೆಲ. ಶಿರಸಿ-ಸಿದ್ದಾಪುರ ಮಾರ್ಗದಲ್ಲಿರುವ ಕಾನಸೂರಿನಂಥ ಊರುಗಳ ಪ್ರೇಕ್ಷಕರಿಗೆ ಮಾಯೆ, ಶಾಪ, ವರ, ರೂಪಾಂತರಗಳೆಲ್ಲ ಸಿನಿಮಾ ಬರುವ ಮೊದಲೇ ಪರಿಚಿತ. ಅವನ್ನು ಯಾವಾಗ ಒಪ್ಪಬೇಕು, ಯಾವಾಗ ಪ್ರಶ್ನಿಸಬೇಕು ಎಂಬ ಅಭ್ಯಾಸವೂ ಇಲ್ಲಿ ಬೆಳೆದಿದೆ. ಅನಿಮೇಷನ್ ಚಿತ್ರಗಳನ್ನು ಈ ಅಭ್ಯಾಸದ ಬೆಳಕಿನಲ್ಲಿ ನೋಡಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಮಾಯೆಯನ್ನು ನಂಬುವಂತೆ ಮಾಡುವುದು ಚಿತ್ರದ ನೈಜತೆಯಲ್ಲ. ಮಾಯೆಗೆ ಕಥೆ ವಿಧಿಸಿದ ಕಟ್ಟುಪಾಡು ಮತ್ತು ಅದಕ್ಕೆ ಪಾತ್ರಗಳು ತೆರುವ ಬೆಲೆ.

ಸ್ವಯಂವರ ಮಂಟಪದ ಪರೀಕ್ಷೆ

ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನ ಈ ವಿಷಯಕ್ಕೆ ಅತ್ಯುತ್ತಮ ಪ್ರವೇಶಿಕೆ. ಕನ್ನಡದಲ್ಲಿ ಇದನ್ನು ಕನಕದಾಸರು ಭಾಮಿನಿ ಷಟ್ಪದಿಯಲ್ಲಿ 'ನಳಚರಿತ್ರೆ'ಯಾಗಿ ರಚಿಸಿದ್ದಾರೆ. ಯಕ್ಷಗಾನ ಪ್ರಸಂಗವಾಗಿಯೂ ನಳ-ದಮಯಂತಿಯರ ಕಥೆ ಜನಪ್ರಿಯ.

ವಿದರ್ಭದ ರಾಜಕುಮಾರಿ ದಮಯಂತಿ ನಿಷಧದ ಅರಸ ನಳನನ್ನು ಮನದಲ್ಲೇ ವರಿಸಿರುತ್ತಾಳೆ. ಆಕೆಯನ್ನು ಬಯಸಿದ ಇಂದ್ರ, ಅಗ್ನಿ, ವರುಣ, ಯಮರು ನಳನ ರೂಪದಲ್ಲೇ ಸ್ವಯಂವರಕ್ಕೆ ಬಂದು ಕುಳಿತುಕೊಳ್ಳುತ್ತಾರೆ. ಮಂಟಪದಲ್ಲಿ ಐವರು ನಳರು. ಮುಖ, ಮೈಕಟ್ಟು, ಉಡುಗೆ ಯಾವುದರಲ್ಲೂ ಭೇದವಿಲ್ಲ. ದೇವತೆಗಳ ಲಕ್ಷಣಗಳನ್ನು ಹಿರಿಯರಿಂದ ಕೇಳಿ ತಿಳಿದಿದ್ದರೂ ಆಕೆಗೆ ಒಂದೂ ಕಾಣಿಸುವುದಿಲ್ಲ. ಕೊನೆಗೆ ತನ್ನ ಸತ್ಯವನ್ನೇ ಮುಂದಿಟ್ಟು ಆ ದೇವತೆಗಳಿಗೇ ಶರಣಾಗುತ್ತಾಳೆ. ಆಗ ಅವರು ತಮ್ಮ ಗುರುತುಗಳನ್ನು ತೋರುತ್ತಾರೆ. ನಾಲ್ವರಿಗೆ ಬೆವರಿಲ್ಲ, ರೆಪ್ಪೆ ಮಿಟುಕುವುದಿಲ್ಲ, ಹೂಮಾಲೆ ಬಾಡಿಲ್ಲ, ಮೈಮೇಲೆ ಧೂಳಿಲ್ಲ, ಪಾದ ನೆಲ ಮುಟ್ಟಿಲ್ಲ. ಐದನೆಯವನಿಗೆ ನೆರಳಿದೆ, ಮಾಲೆ ಬಾಡಿದೆ, ಮೈಯಲ್ಲಿ ಧೂಳೂ ಬೆವರೂ ಇವೆ, ಪಾದ ನೆಲದ ಮೇಲಿದೆ, ಕಣ್ಣು ಮಿಟುಕುತ್ತದೆ. ದಮಯಂತಿ ಅವನ ಕೊರಳಿಗೆ ಮಾಲೆ ಹಾಕುತ್ತಾಳೆ.

ರಾಜಕುಮಾರಿ ಇಲ್ಲಿ ಆರಿಸಿಕೊಂಡದ್ದು ಪರಿಪೂರ್ಣತೆಯನ್ನಲ್ಲ. ಮನುಷ್ಯದೇಹದ ಕೊರತೆಗಳೇ ಆಕೆಗೆ ಸತ್ಯದ ಗುರುತುಗಳಾದವು.

ನೆರಳು, ಭಾರ, ರೆಪ್ಪೆ

ಇಪ್ಪತ್ತನೆಯ ಶತಮಾನದ ಅನಿಮೇಷನ್ ಕಲಾವಿದರು ದಶಕಗಳ ಕಾಲ ದುಡಿದದ್ದು ಬಹುಮಟ್ಟಿಗೆ ಇದೇ ಗುರುತುಗಳಿಗಾಗಿ. 1937ರ ಡಿಸೆಂಬರ್ 21ರಂದು ಲಾಸ್ ಏಂಜಲಿಸ್‌ನ ಕಾರ್ಥೆ ಸರ್ಕಲ್ ಚಿತ್ರಮಂದಿರದಲ್ಲಿ 'ಸ್ನೋ ವೈಟ್' ಮೊದಲ ಪ್ರದರ್ಶನ ಕಂಡಿತು. ಅದುವರೆಗಿನ ಕಿರು ವ್ಯಂಗ್ಯಚಿತ್ರಗಳಲ್ಲಿ ಇಲಿ, ಬಾತುಕೋಳಿಗಳು ರಬ್ಬರಿನಂತೆ ಬಾಗಿ ಬಳುಕಿದರೂ ನಗೆಗೆ ಸಾಕಾಗುತ್ತಿತ್ತು. ರಾಜಕುಮಾರಿ ಹಾಗೆ ಬಳುಕಿದರೆ ಆಕೆಯ ಸಾವಿಗೆ ಯಾರೂ ಮರುಗುವುದಿಲ್ಲ. ಆದ್ದರಿಂದ ಮಾರ್ಜರಿ ಬೆಲ್ಚರ್ ಎಂಬ ಯುವ ನರ್ತಕಿಯ ಚಲನೆಯನ್ನು ಚಿತ್ರೀಕರಿಸಿ, ಅದನ್ನು ಆಧಾರವಾಗಿಟ್ಟುಕೊಂಡು ಸ್ನೋ ವೈಟ್‌ಳ ನಡಿಗೆಯನ್ನೂ ನರ್ತನವನ್ನೂ ಬರೆಯಲಾಯಿತು. ದೃಶ್ಯಕ್ಕೆ ಆಳ ನೀಡಲು, ಗಾಜಿನ ಹಲವು ಪದರಗಳ ಮೇಲೆ ಚಿತ್ರಗಳನ್ನಿರಿಸಿ ಮೇಲಿನಿಂದ ಸೆರೆಹಿಡಿಯುವ ಮಲ್ಟಿಪ್ಲೇನ್ ಕ್ಯಾಮೆರಾ ಬಳಕೆಯಾಯಿತು.

ಡಿಸ್ನಿ ಸಂಸ್ಥೆಯ ಹಿರಿಯ ಕಲಾವಿದರಾದ ಫ್ರ್ಯಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ಪ್ರಕಟಿಸಿದ 'ದಿ ಇಲ್ಯೂಷನ್ ಆಫ್ ಲೈಫ್' ಗ್ರಂಥದಲ್ಲಿ ಅನಿಮೇಷನ್ನಿನ 12 ತತ್ವಗಳನ್ನು ವಿವರಿಸಿದ್ದಾರೆ. ವಸ್ತುವಿಗೆ ಭಾರವಿರಬೇಕು, ಚಲನೆಗೆ ಮುನ್ನ ಅದರ ಸೂಚನೆ ಕಾಣಬೇಕು, ದೇಹ ನಿಂತ ಮೇಲೂ ಕೂದಲು, ಬಟ್ಟೆಗಳು ಸ್ವಲ್ಪ ಹೊತ್ತು ಚಲಿಸಬೇಕು ಎಂಬುವು ಅವುಗಳಲ್ಲಿ ಸೇರಿವೆ. ಅಸಾಧ್ಯವಾದುದನ್ನು ಸಂಭವನೀಯವೆಂಬಂತೆ ತೋರಿಸುವ ಕಲೆಯ ಕುರಿತು ವಾಲ್ಟ್ ಡಿಸ್ನಿ 1956ರಲ್ಲಿ ದೂರದರ್ಶನ ಕಾರ್ಯಕ್ರಮವನ್ನೇ ನಡೆಸಿಕೊಟ್ಟಿದ್ದರು.

ಕಂಪ್ಯೂಟರ್ ಯುಗದಲ್ಲಿ ಈ ಹುಡುಕಾಟ ಕೂದಲು ಮತ್ತು ಹಿಮದ ಕಣಗಳವರೆಗೂ ಇಳಿಯಿತು. 2010ರ 'ಟ್ಯಾಂಗಲ್ಡ್' ಚಿತ್ರದ ರಪುಂಜೆಲ್‌ಗೆ 70 ಅಡಿ ಉದ್ದದ ಕೂದಲು. 2012ರ 'ಬ್ರೇವ್' ಚಿತ್ರದ ಮೆರಿಡಾಳ ತಲೆಯಲ್ಲಿ 1,500ಕ್ಕೂ ಹೆಚ್ಚು ಗುಂಗುರು ಎಳೆಗಳನ್ನು ಪ್ರತ್ಯೇಕವಾಗಿ ರೂಪಿಸಲಾಗಿತ್ತು. 'ಫ್ರೋಜನ್'ಗಾಗಿ ಹಿಮ ಕುಸಿಯುವ, ಗಟ್ಟಿಯಾಗುವ, ಕಾಲಿಗೆ ಅಂಟುವ ಬಗೆಯನ್ನು ಲೆಕ್ಕ ಹಾಕುವ ಗಣಿತ ವಿಧಾನವೇ ಸಿದ್ಧವಾಗಿ, 2013ರಲ್ಲಿ ಸಂಶೋಧನಾ ಪ್ರಬಂಧವಾಗಿ ಪ್ರಕಟವಾಯಿತು.

ಆದರೆ ಹೋಲಿಕೆ ಹೆಚ್ಚಿದಷ್ಟೂ ನಂಬಿಕೆ ಹೆಚ್ಚುತ್ತದೆಂದು ಹೇಳಲಾಗದು. ಮನುಷ್ಯನನ್ನು ಬಹುತೇಕ ಹೋಲುವ, ಆದರೆ ಪೂರ್ತಿಯಾಗಿ ಹೋಲದ ಆಕೃತಿ ನೋಡುಗನಲ್ಲಿ ಅಳುಕು ಹುಟ್ಟಿಸುತ್ತದೆ ಎಂದು ಜಪಾನಿನ ರೋಬೋ ತಜ್ಞ ಮಸಾಹಿರೊ ಮೋರಿ 1970ರಲ್ಲೇ ಪ್ರತಿಪಾದಿಸಿದ್ದರು. 2004ರ 'ದಿ ಪೋಲಾರ್ ಎಕ್ಸ್‌ಪ್ರೆಸ್' ಚಿತ್ರದ ಪಾತ್ರಗಳ ನಿರ್ಜೀವ ಕಣ್ಣುಗಳ ಬಗ್ಗೆ ವಿಮರ್ಶಕರು ಎತ್ತಿದ ಆಕ್ಷೇಪ ಇದಕ್ಕೆ ಪ್ರಸಿದ್ಧ ನಿದರ್ಶನ. ರೆಪ್ಪೆ ಮಿಟುಕದ ನಾಲ್ವರು ನಳರ ಮುಂದೆ ದಮಯಂತಿಗಾದ ಕಳವಳವೂ ಇದೇ ಜಾತಿಯದು.

ಹೋಲಿಕೆಯಿಲ್ಲದೆಯೂ ನಂಬಿಕೆ

ಯಕ್ಷಗಾನ ಇದಕ್ಕೆ ತೀರಾ ವಿರುದ್ಧವಾದ ದಾರಿ ಹಿಡಿದಿದೆ. ರಂಗಸ್ಥಳದಲ್ಲಿ ಅರಮನೆಯೂ ಇಲ್ಲ, ಕಾಡೂ ಇಲ್ಲ. ಇಬ್ಬರು ಹಿಡಿದ ತೆರೆ, ಭಾಗವತರ ಪದ್ಯ, ಚಂಡೆ-ಮದ್ದಳೆಗಳ ಪೆಟ್ಟಿನಿಂದಲೇ ಲೋಕ ಬದಲಾಗುತ್ತದೆ. ರಾಜಕುಮಾರಿಯ ಪಾತ್ರವನ್ನು ಸಾಂಪ್ರದಾಯಿಕವಾಗಿ ಪುರುಷನೇ ಮಾಡುತ್ತ ಬಂದಿದ್ದಾನೆ. ಶೂರ್ಪನಖಿ ಮೊದಲು ಬಣ್ಣದ ವೇಷದ ಘೋರರೂಪದಲ್ಲಿ ಅಬ್ಬರಿಸುತ್ತಾಳೆ. ಆಕೆ ರೂಪ ಬದಲಿಸಿದಾಗ ಸ್ತ್ರೀವೇಷದ ಇನ್ನೊಬ್ಬ ಕಲಾವಿದ ಮಾಯಾ ಶೂರ್ಪನಖಿಯಾಗಿ ಪ್ರವೇಶಿಸುತ್ತಾನೆ. ಕಲಾವಿದ ಬೇರೆ ಎಂಬುದು ಸಭೆಗೆಲ್ಲ ಗೊತ್ತು. ಆದರೂ ಪಾತ್ರ ಒಂದೇ ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ.

ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಪಂಚೆ ಉಟ್ಟು, ಶಾಲು ಹೊದ್ದು ಕುಳಿತ ಅರ್ಥಧಾರಿಗಳ ಮಾತೇ ಸರ್ವಸ್ವ. ಅಲ್ಲಿ ನಂಬಿಕೆ ವಾದದ ಮೂಲಕ ಹುಟ್ಟುತ್ತದೆ. 'ವಾಲಿವಧೆ'ಯಲ್ಲಿ ಮರೆಯಲ್ಲಿ ನಿಂತು ಬಾಣ ಬಿಟ್ಟದ್ದೇಕೆ ಎಂದು ವಾಲಿ ಕೇಳುತ್ತಾನೆ. ರಾಮನ ಪಾತ್ರಧಾರಿ ಅದಕ್ಕೆ ಸಮರ್ಪಕ ಉತ್ತರ ಕೊಡಲೇಬೇಕು. ಪುರಾಣದಲ್ಲಿ ಹಾಗೆ ಬರೆದಿದೆ ಎಂದಷ್ಟೇ ಹೇಳಿದರೆ ಅರ್ಥಗಾರಿಕೆ ಸೋತಂತೆ. ಕಥೆಯ ಮೇಲೆ ಭಕ್ತಿಯಿದ್ದೂ ಕಥೆಯನ್ನು ಪ್ರಶ್ನಿಸಬಹುದು ಎಂಬುದನ್ನು ಈ ಸೀಮೆಯ ಕೇಳುಗ ಹೀಗೆ ಕಲಿತಿದ್ದಾನೆ.

ಅನಿಮೇಷನ್ನಿನಲ್ಲಿಯೂ ಇಂಥ ಪರಂಪರೆ ಇಲ್ಲದಿಲ್ಲ. ಜರ್ಮನಿಯ ಲೊಟೆ ರೈನಿಗರ್ 1926ರಲ್ಲಿ ರೂಪಿಸಿದ 'ದಿ ಅಡ್ವೆಂಚರ್ಸ್ ಆಫ್ ಪ್ರಿನ್ಸ್ ಅಹ್ಮದ್' ಚಿತ್ರದಲ್ಲಿರುವುದು ಕತ್ತರಿಸಿದ ಕಪ್ಪು ಆಕೃತಿಗಳು ಮಾತ್ರ. ಪರಿ ಬಾನು ಎಂಬ ರಾಜಕುಮಾರಿಗೆ ಅಲ್ಲಿ ಮುಖಭಾವವೇ ಕಾಣದು. ಆದರೂ ಕೈಬೆರಳುಗಳ ಚಲನೆಯಿಂದಲೇ ಆಕೆಯ ನಾಚಿಕೆ, ಭಯ ತಿಳಿಯುತ್ತವೆ. ತೊಗಲುಗೊಂಬೆಯಾಟ ಕಂಡ ಕನ್ನಡಿಗರಿಗೆ ಇದು ಅಪರಿಚಿತವೆನಿಸದು. ಜಪಾನಿನ ಇಸಾವೊ ತಕಹಾತಾ ಅವರ 2013ರ 'ದಿ ಟೇಲ್ ಆಫ್ ದಿ ಪ್ರಿನ್ಸೆಸ್ ಕಗುಯಾ' ಬಿದಿರಿನೊಳಗೆ ದೊರೆತ ಕನ್ಯೆಯ ಪ್ರಾಚೀನ ಕಥೆ. ಅದರ ಚಿತ್ರಗಳು ತಿಳಿಯಾದ ಜಲವರ್ಣ ಮತ್ತು ಅವಸರದ ರೇಖೆಗಳಲ್ಲಿವೆ. ಪುಟದ ಅಂಚು ಎಷ್ಟೋ ಕಡೆ ಖಾಲಿಯಾಗಿಯೇ ಉಳಿದಿದೆ. ಉಳಿದುದನ್ನು ನೋಡುಗನೇ ತುಂಬಿಕೊಳ್ಳುತ್ತಾನೆ.

ಮಾಯೆಗೂ ಒಂದು ಕಟ್ಟುಪಾಡು

ಹೋಲಿಕೆ ಇದ್ದರೂ ಇಲ್ಲದಿದ್ದರೂ ನಂಬಿಕೆ ಸಾಧ್ಯವೆಂದಾದರೆ, ಅದರ ಆಧಾರ ಬೇರೆಡೆ ಇರಬೇಕು. ಬಡಗುತಿಟ್ಟಿನ ಪ್ರಸಿದ್ಧ ಪ್ರಸಂಗ 'ಭಸ್ಮಾಸುರ ಮೋಹಿನಿ' ಅದನ್ನು ತೋರಿಸಿಕೊಡುತ್ತದೆ. ಪದ್ಮಶ್ರೀ ಪುರಸ್ಕೃತ ಕಲಾವಿದ ದಿವಂಗತ ಚಿಟ್ಟಾಣಿ ರಾಮಚಂದ್ರ ಹೆಗಡೆಯವರ (1933-2017) ಭಸ್ಮಾಸುರನ ಪಾತ್ರದಿಂದ ಈ ಪ್ರಸಂಗ ಮನೆಮಾತಾಯಿತು. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಬೂದಿಯಾಗುವ ವರವನ್ನು ಶಿವ ಅಸುರನಿಗೆ ಕೊಟ್ಟಿದ್ದಾನೆ. ಆ ವರವನ್ನು ವಿಷ್ಣು ರದ್ದುಪಡಿಸುವುದಿಲ್ಲ. ಮೋಹಿನಿಯಾಗಿ ಕುಣಿದು, ತನ್ನಂತೆಯೇ ಕುಣಿಯುವಂತೆ ಅಸುರನನ್ನು ಪ್ರೇರೇಪಿಸಿ, ಅವನ ಕೈ ಅವನದೇ ತಲೆಯ ಮೇಲೆ ಬರುವಂತೆ ಮಾಡುತ್ತಾನೆ. ವರ ಕೊನೆಯವರೆಗೂ ನಿಜವಾಗಿ ಉಳಿಯುತ್ತದೆ; ಅಸುರನನ್ನು ಸುಡುವುದೂ ಅದೇ.

ಹಿರಣ್ಯಕಶಿಪುವಿನ ಕಥೆಯಲ್ಲಿಯೂ ಇದೇ ನ್ಯಾಯ. ಹಗಲಲ್ಲ ರಾತ್ರಿಯಲ್ಲ, ಒಳಗಲ್ಲ ಹೊರಗಲ್ಲ, ಮನುಷ್ಯನಿಂದಲ್ಲ ಮೃಗದಿಂದಲ್ಲ ಎಂಬ ಷರತ್ತುಗಳಲ್ಲಿ ಒಂದನ್ನೂ ಮುರಿಯದೆ ನರಸಿಂಹ ಅವನನ್ನು ಸಂಹರಿಸುತ್ತಾನೆ. ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿದ, ಅಶ್ವಿನ್ ಕುಮಾರ್ ನಿರ್ದೇಶನದ ಅನಿಮೇಷನ್ ಚಿತ್ರ 'ಮಹಾವತಾರ್ ನರಸಿಂಹ' 2025ರ ಜುಲೈ 25ರಂದು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ತೆರೆಕಂಡು ದೊಡ್ಡ ಯಶಸ್ಸು ಗಳಿಸಿತು. ಅಂತ್ಯ ಮೊದಲೇ ಗೊತ್ತಿದ್ದ ಪ್ರೇಕ್ಷಕರು ಕಾದು ನೋಡಿದ್ದು ಷರತ್ತುಗಳು ಹೇಗೆ ಈಡೇರುತ್ತವೆ ಎಂಬುದನ್ನು.

ರಾಜಕುಮಾರಿಯರ ಚಿತ್ರಗಳಲ್ಲಿ ನೆನಪಿನಲ್ಲಿ ಉಳಿದವೂ ಇಂಥ ಷರತ್ತುಗಳೇ. 1950ರ 'ಸಿಂಡರೆಲಾ'ದಲ್ಲಿ ಮಾಯೆಗೆ ನಡುರಾತ್ರಿಯ ಗಡುವು. 1989ರ 'ದಿ ಲಿಟಲ್ ಮರ್ಮೇಡ್'ನಲ್ಲಿ ಕಾಲು ಪಡೆಯಲು ಏರಿಯಲ್ ಕೊಡಬೇಕಾದದ್ದು ತನ್ನ ಕಂಠ. ಅವಧಿ ಮೂರು ದಿನ. 1991ರ 'ಬ್ಯೂಟಿ ಅಂಡ್ ದಿ ಬೀಸ್ಟ್'ನಲ್ಲಿ ಗುಲಾಬಿಯ ಕೊನೆಯ ದಳ ಉದುರುವುದರೊಳಗೆ ಪ್ರೀತಿ ಹುಟ್ಟಬೇಕು. 'ಫ್ರೋಜನ್'ನಲ್ಲಿ ಹೆಪ್ಪುಗಟ್ಟಿದ ಹೃದಯವನ್ನು ಕರಗಿಸಲು ನಿಜವಾದ ಪ್ರೀತಿಯ ಕೃತ್ಯವೊಂದು ನಡೆಯಬೇಕು. ಅದು ರಾಜಕುಮಾರನ ಚುಂಬನವೆಂದು ಎಲ್ಲರೂ ಭಾವಿಸಿರುವಾಗ, ಅಕ್ಕನನ್ನು ಉಳಿಸಲು ತಂಗಿ ತನ್ನ ಪ್ರಾಣವನ್ನೇ ಅಡ್ಡ ಹಿಡಿಯುತ್ತಾಳೆ. ಭಸ್ಮಾಸುರನ ವರದಂತೆ ಇಲ್ಲಿಯೂ ಷರತ್ತು ಬದಲಾಗಿಲ್ಲ, ಅದರ ಅರ್ಥ ಮಾತ್ರ ತಿರುಗಿದೆ.

ಕಟ್ಟುಪಾಡು ಸಡಿಲವಾದಲ್ಲಿ ಪ್ರಶ್ನೆಗಳು ಏಳುತ್ತವೆ. ನಡುರಾತ್ರಿಗೆ ರಥ, ಕುದುರೆ, ಉಡುಪುಗಳೆಲ್ಲ ಹಿಂದಿನಂತಾದ ಮೇಲೆ ಸಿಂಡರೆಲಾಳ ಗಾಜಿನ ಪಾದರಕ್ಷೆ ಮಾತ್ರ ಉಳಿದದ್ದು ಹೇಗೆ? 'ಟ್ಯಾಂಗಲ್ಡ್'ನಲ್ಲಿ ಕೂದಲು ಕತ್ತರಿಸಿದೊಡನೆ ಅದರ ಶಕ್ತಿ ಹೋಗುತ್ತದೆ ಎಂದ ಮೇಲೆ ರಪುಂಜೆಲ್‌ಳ ಕಣ್ಣೀರಿಗೆ ಆ ಶಕ್ತಿ ಬಂದದ್ದು ಎಲ್ಲಿಂದ? ತಾಳಮದ್ದಳೆಯ ಅರ್ಥಧಾರಿಯೊಬ್ಬ ಎದುರಿಗಿದ್ದರೆ ಇವನ್ನು ಕೇಳದೆ ಬಿಡುತ್ತಿರಲಿಲ್ಲ. ಚಿಕ್ಕ ಮಕ್ಕಳೂ ಕೇಳುತ್ತಾರೆ.

ಮೊದಲೇ ಬಿತ್ತಿದ ವರಗಳು

ನಳಚರಿತ್ರೆಯ ಉತ್ತರಾರ್ಧ ಈ ದೃಷ್ಟಿಯಿಂದ ಮಾದರಿ ಎನ್ನಬಹುದು. ಸ್ವಯಂವರದಲ್ಲಿ ಸೋತ ನಾಲ್ವರು ದೇವತೆಗಳು ಪ್ರಸನ್ನರಾಗಿ ನಳನಿಗೆ ವರಗಳನ್ನು ಕೊಡುತ್ತಾರೆ. ಬಯಸಿದಲ್ಲಿ ಬೆಂಕಿ, ಬಯಸಿದಲ್ಲಿ ನೀರು, ಅಡುಗೆಯಲ್ಲಿ ಅಪೂರ್ವ ರುಚಿ ಅವುಗಳಲ್ಲಿ ಕೆಲವು. ಆ ಹೊತ್ತಿಗೆ ಅವು ಮದುವೆಯ ಉಡುಗೊರೆಗಳಂತೆ ಮಾತ್ರ ಕಾಣುತ್ತವೆ. ಮುಂದೆ ಕಲಿ ನಳನನ್ನು ಹೊಗುತ್ತಾನೆ. ಅದೂ ಸುಮ್ಮನೆ ಅಲ್ಲ. ಹನ್ನೆರಡನೆಯ ವರ್ಷದಲ್ಲಿ ಒಮ್ಮೆ ನಳ ಕಾಲು ತೊಳೆಯದೆ ಸಂಧ್ಯಾವಂದನೆಗೆ ಕುಳಿತ ಲೋಪವೇ ಅವನಿಗೆ ಬಾಗಿಲಾಗುತ್ತದೆ. ಜೂಜಿನಲ್ಲಿ ರಾಜ್ಯ ಹೋಗುತ್ತದೆ, ಸತಿ-ಪತಿ ಅಗಲುತ್ತಾರೆ, ಕಾರ್ಕೋಟಕ ಸರ್ಪ ಕಚ್ಚಿ ನಳ ವಿರೂಪಿ ಬಾಹುಕನಾಗುತ್ತಾನೆ.

ಬಾಹುಕ ಅಯೋಧ್ಯೆಯ ಋತುಪರ್ಣನ ಸಾರಥಿಯಾಗಿ ಮತ್ತೆ ವಿದರ್ಭಕ್ಕೆ ಬಂದಾಗ ದಮಯಂತಿಯ ಎರಡನೆಯ ಪರೀಕ್ಷೆ. ಮೊದಲ ಬಾರಿ ಐವರಿಗೂ ಒಂದೇ ರೂಪ. ಈ ಬಾರಿ ಒಬ್ಬನೇ ಇದ್ದಾನೆ, ಆದರೆ ರೂಪವೇ ಅವನದಲ್ಲ. ಆಕೆ ಕೇಶಿನಿ ಎಂಬ ದಾಸಿಯನ್ನು ಕಳುಹಿಸುತ್ತಾಳೆ. ಬಾಹುಕ ನೋಡಿದ ಮಾತ್ರಕ್ಕೆ ಖಾಲಿ ಕೊಡ ತುಂಬಿತು, ಹಿಡಿ ಹುಲ್ಲಿಗೆ ಬೆಂಕಿ ಹೊತ್ತಿತು ಎಂದು ಕೇಶಿನಿ ವರದಿ ಮಾಡುತ್ತಾಳೆ. ಅವನು ಮಾಡಿದ ಅಡುಗೆಯ ರುಚಿ ನೋಡಿದ ದಮಯಂತಿಗೆ ಅವನೇ ನಳನೆಂಬುದು ಖಚಿತವಾಗುತ್ತದೆ. ಕನ್ನಡದಲ್ಲಿ ಸೊಗಸಾದ ಅಡುಗೆಗೆ ಇಂದಿಗೂ ಬಳಕೆಯಲ್ಲಿರುವ 'ನಳಪಾಕ' ಎಂಬ ಮಾತಿನ ಹಿಂದೆ ಇರುವುದು ಈ ಕಥೆಯೇ. ಮೊದಲು ಬಿತ್ತಿದ ವರಗಳು ಕೊನೆಯಲ್ಲಿ ಸಾಕ್ಷಿಗಳಾಗಿ ಫಲಿಸುತ್ತವೆ. ಕಷ್ಟಕಾಲದಲ್ಲಿ ಹೊಸದಾಗಿ ಯಾವ ಮಾಯೆಯನ್ನೂ ತಂದು ನಿಲ್ಲಿಸಿಲ್ಲ.

ಮರವಾಗುವ ಹುಡುಗಿ

ಮಾಯೆಯ ಕಟ್ಟುಪಾಡು ಕೇವಲ ಕಥೆಯ ಅಚ್ಚುಕಟ್ಟಿಗಾಗಿ ಇರುವುದಲ್ಲ ಎಂಬುದಕ್ಕೆ ಕನ್ನಡದ ಜನಪದ ಕಥೆಯೊಂದು ಸಾಕ್ಷಿ. ಎ. ಕೆ. ರಾಮಾನುಜನ್ ಸಂಗ್ರಹಿಸಿ ಇಂಗ್ಲಿಷಿನಲ್ಲಿ 'ಎ ಫ್ಲವರಿಂಗ್ ಟ್ರೀ' ಎಂಬ ಹೆಸರಿನಲ್ಲಿ ಪರಿಚಯಿಸಿದ ಈ ಕಥೆಯ ಬಡ ಹುಡುಗಿ, ಒಂದು ಕೊಡ ನೀರು ಸುರಿದರೆ ಹೂಮರವಾಗುತ್ತಾಳೆ, ಇನ್ನೊಂದು ಕೊಡ ಸುರಿದರೆ ಮತ್ತೆ ಹುಡುಗಿಯಾಗುತ್ತಾಳೆ. ಹೂ ಬಿಡಿಸುವಾಗ ಒಂದು ರೆಂಬೆಯೂ ಮುರಿಯಬಾರದು. ರಾಜಕುಮಾರನನ್ನು ಮದುವೆಯಾದ ಆಕೆಯನ್ನು ನಾದಿನಿಯಾದ ರಾಜಕುಮಾರಿ ತೋಟಕ್ಕೆ ಕರೆದೊಯ್ದು ಮರವಾಗಲು ಒತ್ತಾಯಿಸುತ್ತಾಳೆ. ಗೆಳತಿಯರು ರೆಂಬೆಗಳನ್ನು ಮುರಿಯುತ್ತಾರೆ. ಮನುಷ್ಯರೂಪಕ್ಕೆ ಮರಳಿದ ಹುಡುಗಿಗೆ ಕೈಕಾಲುಗಳೇ ಇರುವುದಿಲ್ಲ.

ಬಾಲ್ಯವನ್ನು ಶಿರಸಿಯಲ್ಲಿ ಕಳೆದು, ಅಲ್ಲಿಯೇ ನಾಟಕ ಕಂಪನಿಗಳ ಆಟ ಮತ್ತು ಯಕ್ಷಗಾನ ನೋಡಿದ ಗಿರೀಶ ಕಾರ್ನಾಡರು (1938-2019) ಈ ಕಥೆಯನ್ನು ಆಧರಿಸಿ 1992ರಲ್ಲಿ ಹಿಂದಿಯಲ್ಲಿ 'ಚೆಲುವಿ' ಚಿತ್ರ ನಿರ್ದೇಶಿಸಿದರು. ಅವರ 1971ರ ನಾಟಕ 'ಹಯವದನ'ದಲ್ಲಿಯೂ ಕುದುರೆಯನ್ನು ವರಿಸಿದ ರಾಜಕುಮಾರಿಯ ಉಪಕಥೆಯಿದೆ. ಚೆಲುವಿಯ ಕಥೆಗೆ ಶಿರಸಿ ಸೀಮೆಯಲ್ಲಿ ಬೇರೊಂದು ಅರ್ಥವೂ ಒದಗುತ್ತದೆ. ಮರ ಕಡಿಯುವುದನ್ನು ತಡೆಯಲು ಮರಗಳನ್ನೇ ಅಪ್ಪಿ ನಿಂತ ಅಪ್ಪಿಕೊ ಚಳವಳಿ 1983ರ ಸೆಪ್ಟೆಂಬರಿನಲ್ಲಿ ಆರಂಭವಾದದ್ದು ಶಿರಸಿ ತಾಲೂಕಿನ ಸಾಲ್ಕಣಿ ಸಮೀಪದ ಕಾಡಿನಲ್ಲಿ. ರೆಂಬೆ ಮುರಿದರೆ ಮೈಗೆ ನೋವಾಗುತ್ತದೆ ಎಂಬ ಕಥೆಯ ಷರತ್ತನ್ನು ಇಲ್ಲಿನ ಕೇಳುಗರಿಗೆ ವಿವರಿಸಬೇಕಾಗಿಲ್ಲ. ಹಯಾವೊ ಮಿಯಾಜಾಕಿಯವರ 1997ರ 'ಪ್ರಿನ್ಸೆಸ್ ಮೊನೊನೊಕೆ'ಯಲ್ಲಿ ವನದೇವತೆಯ ತಲೆ ಕಡಿದಾಗ ಕಾಡೇ ಸಾಯುತ್ತದೆ. 'ಮೋನಾ'ದಲ್ಲಿ ದ್ವೀಪದೇವತೆಯ ಹೃದಯ ಕದ್ದಾಗ ಭೂಮಿ ಬರಡಾಗುತ್ತದೆ. ದೇಶ ಬೇರೆಯಾದರೂ ಷರತ್ತು ಒಂದೇ.

ಪುರಾಣ ಯಾರದು?

ನಂಬಿಕೆಗೆ ಇನ್ನೊಂದು ಮುಖವೂ ಉಂಟು. ಒಬ್ಬರಿಗೆ ಮನರಂಜನೆಯಾದ ಕಥೆ ಇನ್ನೊಬ್ಬರಿಗೆ ಪೂಜೆಯ ವಸ್ತು. ಯಕ್ಷಗಾನದಲ್ಲಿ ಆಟ ಆರಂಭವಾಗುವುದು ಚೌಕಿಯಲ್ಲಿ ಗಣಪತಿ ಪೂಜೆಯ ಬಳಿಕ. ರಂಗದಲ್ಲಿ ಹಾಸ್ಯಗಾರ ದೇವತೆಗಳನ್ನೇ ತಮಾಷೆ ಮಾಡಿದರೂ ಪ್ರೇಕ್ಷಕ ಒಪ್ಪುವುದು, ಮಾತನಾಡುತ್ತಿರುವವನೂ ಅದೇ ಪೂಜೆಯಲ್ಲಿ ಕೈಮುಗಿದವನೆಂಬ ಭರವಸೆಯಿಂದ.

ಹೊರಗಿನವರು ಪುರಾಣವನ್ನು ಎತ್ತಿಕೊಂಡಾಗ ಆ ಭರವಸೆಯನ್ನು ಗಳಿಸಿಕೊಳ್ಳಬೇಕಾಗುತ್ತದೆ. 'ಮೋನಾ' ತಯಾರಿಕೆಯಲ್ಲಿ ಪೆಸಿಫಿಕ್ ದ್ವೀಪಗಳ ವಿದ್ವಾಂಸರು, ಹಿರಿಯರು, ಕಲಾವಿದರ ಸಲಹಾ ಬಳಗವನ್ನು ಡಿಸ್ನಿ ಸಂಸ್ಥೆ ರಚಿಸಿಕೊಂಡಿತ್ತು. ಆದರೂ ಉಪದೇವತೆ ಮಾವಿಯನ್ನು ಸ್ಥೂಲಕಾಯನನ್ನಾಗಿ ಚಿತ್ರಿಸಿದ್ದಕ್ಕೆ ಆಕ್ಷೇಪ ಬಂತು. ಮಾವಿಯ ಹಚ್ಚೆಯ ಮೈಯನ್ನು ಹೋಲುವ ಮಕ್ಕಳ ಉಡುಪನ್ನು 2016ರಲ್ಲಿ ಮಾರುಕಟ್ಟೆಯಿಂದ ಹಿಂಪಡೆಯಬೇಕಾಯಿತು. 2019ರ 'ಫ್ರೋಜನ್ 2'ರ ವೇಳೆಗೆ ಉತ್ತರ ಯೂರೋಪಿನ ಸಾಮಿ ಜನರ ಪ್ರತಿನಿಧಿ ಸಂಸ್ಥೆಗಳೊಡನೆ ಲಿಖಿತ ಒಪ್ಪಂದ ಮಾಡಿಕೊಂಡು, ಸಾಮಿ ಭಾಷೆಯಲ್ಲಿಯೂ ಚಿತ್ರವನ್ನು ಹೊರತರಲಾಯಿತು.

ಭಾರತಕ್ಕೆ ಸಂಬಂಧಿಸಿದ ಹಳೆಯ ಉದಾಹರಣೆ, ಜಪಾನಿನ ಯುಗೊ ಸಾಕೊ ಮತ್ತು ಕೊಯಿಚಿ ಸಾಸಾಕಿ ಅವರೊಡನೆ ಭಾರತೀಯ ಅನಿಮೇಷನ್ನಿನ ಹಿರಿಯರಾದ ರಾಮ್ ಮೋಹನ್ ನಿರ್ದೇಶಿಸಿದ 1992ರ ರಾಮಾಯಣ ಚಿತ್ರ. ವಿದೇಶೀಯರು ರಾಮಾಯಣವನ್ನು ವ್ಯಂಗ್ಯಚಿತ್ರ ಮಾಡುತ್ತಾರೆಂಬ ಶಂಕೆ ಆರಂಭದಲ್ಲಿ ವ್ಯಕ್ತವಾಗಿತ್ತು. ಭಾರತೀಯ ಕಲಾವಿದರು ಉಡುಗೆ, ನಡೆನುಡಿ, ನಮಸ್ಕಾರದ ರೀತಿಗಳನ್ನು ತಿದ್ದಿಕೊಟ್ಟ ಆ ಚಿತ್ರ ಕ್ರಮೇಣ ಒಂದು ತಲೆಮಾರಿನ ಮಕ್ಕಳಿಗೆ ಟೀವಿಯ ಮೂಲಕ ಪ್ರಿಯವಾಯಿತು. 2025ರ ಜನವರಿಯಲ್ಲಿ ಭಾರತದ ಚಿತ್ರಮಂದಿರಗಳಲ್ಲಿ ಮತ್ತೆ ಬಿಡುಗಡೆಯೂ ಆಯಿತು.

ಮಕ್ಕಳೊಡನೆ ನೋಡುವಾಗ

ಇಂದು ಶಿರಸಿಯ ಮಗುವೂ ಬೆಂಗಳೂರಿನ ಮಗುವೂ ಒಂದೇ ರಾಜಕುಮಾರಿಯ ಚಿತ್ರವನ್ನು ಮೊಬೈಲಿನಲ್ಲಿ ನೋಡುತ್ತವೆ. ಇಡೀ ರಾತ್ರಿಯ ಆಟಗಳ ಜಾಗದಲ್ಲಿ ಎರಡು ಮೂರು ಗಂಟೆಗಳ ಕಾಲಮಿತಿ ಪ್ರದರ್ಶನಗಳು ಹೆಚ್ಚಿವೆ. ಕಥೆಗಳನ್ನು ಹೇಳುವ ಅಜ್ಜಿಯರೂ ಎಲ್ಲ ಮನೆಗಳಲ್ಲಿ ಇಲ್ಲ. ಇದರಿಂದ ಮಗು ಕಳೆದುಕೊಳ್ಳಬಹುದಾದದ್ದು ಕಥೆಗಳನ್ನಲ್ಲ, ಕಥೆಗಳಿಗೇನೂ ಕೊರತೆಯಿಲ್ಲ. ನಡುವೆ ನಿಲ್ಲಿಸಿ ಪ್ರಶ್ನೆ ಕೇಳುವ ಅವಕಾಶವೇ ಕೈತಪ್ಪುವ ಭಯವಿದೆ.

ಚಿತ್ರ ಮುಗಿದ ಮೇಲೆ ಹಿರಿಯರು ಮಗುವಿನೊಡನೆ ಮೂರು ಮಾತುಗಳನ್ನು ಚರ್ಚಿಸಬಹುದು. ಈ ಮಾಯೆಯ ಕಟ್ಟುಪಾಡೇನು, ಅದು ಕೊನೆಯವರೆಗೂ ಉಳಿಯಿತೇ? ಅದಕ್ಕಾಗಿ ಯಾರು ಏನನ್ನು ಕೊಟ್ಟರು? ಈ ಕಥೆ ಮೊದಲು ಯಾರ ಮನೆಯದು, ಅವರು ಇದನ್ನು ಹೀಗೆಯೇ ಹೇಳುತ್ತಾರೆಯೇ? ಸಿಂಡರೆಲಾಳ ಪಾದರಕ್ಷೆಯ ಬಗ್ಗೆ ಆರು ವರ್ಷದ ಮಗು ತಕರಾರು ತೆಗೆದರೆ ಅದನ್ನು ಗದರಿಸಿ ಸುಮ್ಮನಾಗಿಸುವ ಅಗತ್ಯವಿಲ್ಲ. ದಮಯಂತಿಯೂ ಕಣ್ಣಿಗೆ ಕಂಡ ರೂಪವನ್ನು ಎರಡು ಸಲವೂ ಹಾಗೆಯೇ ಒಪ್ಪಲಿಲ್ಲ. ಗುರುತು ಸಿಗುವವರೆಗೆ ಕಾದಳು.